ನಕಾನೋ ಓಣಿಯ ದೊಡ್ಡ ಕಣ್ಣುಗಳು

ಟೋಕಿಯೋದ ಷಿಂಜುಕು ನಿಲ್ದಾಣದಲ್ಲಿ ಕಿತ್ತಳೆ ಪಟ್ಟಿಯ ಚುವೋ ರೈಲು ಹತ್ತಿದರೆ ಐದು ನಿಮಿಷದಲ್ಲಿ ನಕಾನೋ. ಉತ್ತರದ ಬಾಗಿಲಿನಿಂದ ಹೊರಬಂದವರ ಎದುರಿಗೇ ಮಾಡು ಹೊದಿಸಿದ ಪೇಟೆಬೀದಿ, ಹೆಸರು ಸನ್ ಮಾಲ್. ಅದರ ತುದಿಯಲ್ಲಿ 1966ರಲ್ಲಿ ತೆರೆದ ನಕಾನೋ ಬ್ರಾಡ್‌ವೇ ಎಂಬ ಕಟ್ಟಡವಿದೆ. ಹಳೆಯ ಆಟಿಕೆ, ಚಿತ್ರಕಥೆ ಪುಸ್ತಕ, ಕೈಗಡಿಯಾರ ಹುಡುಕುವವರಿಗೆ ಅದು ಕಾಶಿ. ಕ್ಯಾಮೆರಾದ ಹುಚ್ಚು ಹತ್ತಿದವರು ಮಾತ್ರ ಅಷ್ಟು ದೂರ ನಡೆಯುವುದಿಲ್ಲ. ನಡುವೆಯೇ ಪಕ್ಕದ ಓಣಿಗೆ ಹೊರಳಿಬಿಡುತ್ತಾರೆ. ಅಲ್ಲಿದೆ ಫುಜಿಯಾ ಕ್ಯಾಮೆರಾ ಎಂಬ ಹಳೆಯ ಅಂಗಡಿ.

ಗಾಜಿನ ಕಪಾಟುಗಳಲ್ಲಿ ಸಾಲುಸಾಲು ಕ್ಯಾಮೆರಾಗಳು. ಪ್ರತಿಯೊಂದರ ಮುಂದೆ ಒಂದು ಚೀಟಿ. ಬೆಲೆಯ ಜೊತೆಗೆ ದರ್ಜೆ, ಎಲ್ಲಿ ಗೀರು ಬಿದ್ದಿದೆ, ಯಾವ ಬಿಡಿಭಾಗ ಇಲ್ಲ ಎಂಬ ವಿವರ. ಮಾರುವವನೇ ತನ್ನ ಸರಕಿನ ಕುಂದನ್ನು ಬರೆದು ತೂಗುಹಾಕುವುದು ನಮ್ಮ ಕಡೆಯವರಿಗೆ ಸೋಜಿಗವೇ ಸರಿ! ಜಪಾನಿನಲ್ಲಿ ಹಳೆಯ ಸಾಮಾನಿನ ವ್ಯಾಪಾರಕ್ಕೆ 1949ರಿಂದಲೂ ಪ್ರತ್ಯೇಕ ಕಾನೂನಿದೆ. ವ್ಯಾಪಾರಿಗೆ ಪರವಾನಗಿ ಬೇಕು. ಸಾಮಾನು ತಂದು ಮಾರುವವನ ಗುರುತನ್ನು ಆತ ಪರಿಶೀಲಿಸಬೇಕು. ಕದ್ದ ಮಾಲು ಇಂಥ ಕಪಾಟಿಗೆ ಬರುವುದು ಸುಲಭವಲ್ಲ.

ಬೆಂಗಳೂರಿನಿಂದ ಕಂಪನಿ ಕೆಲಸದ ಮೇಲೆ ಟೋಕಿಯೋಗೆ ಹೋಗುವ ಎಂಜಿನಿಯರುಗಳ ಜೇಬಿನಲ್ಲಿ ಊರಿನ ತಮ್ಮನೋ ಅಕ್ಕನ ಮಗಳೋ ಬರೆದುಕೊಟ್ಟ ಚೀಟಿ ಇರುವುದುಂಟು. ಅದರಲ್ಲಿ ಈಚೆಗೆ ಪದೇ ಪದೇ ಕಾಣುವ ಪದ 'ಫುಲ್‌ಫ್ರೇಮ್'. ಜಪಾನೀಯರು ಅದನ್ನು 'ಫುರು ಸೈಜು' ಎನ್ನುತ್ತಾರೆ. ಪೂರ್ಣ ಅಳತೆ ಎಂದರ್ಥ. ಯಾವುದರ ಪೂರ್ಣ?

ಉತ್ತರ ಸಿಗುವುದು ಇದೇ ಊರಿನ ಇನ್ನೊಂದು ಮಗ್ಗುಲಲ್ಲಿ. ಷಿಂಜುಕುವಿನಿಂದ ನೇರ ರೈಲಿನಲ್ಲಿ ನಿಷಿ-ಓಯಿ ನಿಲ್ದಾಣಕ್ಕೆ ಹೋಗಬಹುದು. ಆ ಬಡಾವಣೆಯ ಒಂದು ರಸ್ತೆಯ ಹೆಸರೇ ಕೋಗಾಕು-ದೋರಿ, ಅಂದರೆ ದೃಗ್ವಿಜ್ಞಾನ ರಸ್ತೆ. 1917ರಲ್ಲಿ ಸ್ಥಾಪನೆಯಾದ ನಿಪ್ಪಾನ್ ಕೋಗಾಕು ಕಂಪನಿಯಿಂದ ಬಂದ ಹೆಸರು. ಈಗ ನಿಕಾನ್ ಎಂದು ಜಗತ್ತಿಗೆ ಗೊತ್ತಿರುವುದು ಅದೇ. ಅದರ ಮುಖ್ಯ ಕಚೇರಿ 2024ರಲ್ಲಿ ಅಲ್ಲಿಗೇ ಬಂತು, ವಸ್ತುಸಂಗ್ರಹಾಲಯವೂ ಜೊತೆಗೆ ಬಂತು.

ಆ ಕಂಪನಿ 1948ರಲ್ಲಿ ಹೊರತಂದ ಮೊದಲ ಕ್ಯಾಮೆರಾ 'ನಿಕಾನ್ ಒಂದು'. ಅದರ ಚಿತ್ರದ ಚೌಕಟ್ಟು 32 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಅಷ್ಟರಲ್ಲಾಗಲೇ ಜಗತ್ತು ಬೇರೆ ಅಳತೆಗೆ ಒಗ್ಗಿಹೋಗಿತ್ತು. ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞ ಮೊದಲ ಮಹಾಯುದ್ಧದ ಹೊತ್ತಿಗೇ ಸಿನಿಮಾ ರೀಲನ್ನು ಅಡ್ಡ ಹಾಯಿಸಿ, ಎರಡು ಸಿನಿಮಾ ಚಿತ್ರಗಳ ಜಾಗವನ್ನು ಒಂದಕ್ಕೆ ಬಳಸಿದ್ದ. 36ಕ್ಕೆ 24ರ ಆ ಚೌಕಟ್ಟು 1925ರಲ್ಲಿ ಲೈಕಾ ಕ್ಯಾಮೆರಾದೊಂದಿಗೆ ಪೇಟೆಗೆ ಬಂತು. ನಿಕಾನ್‌ನವರು ನಾಲ್ಕು ಮಿಲಿಮೀಟರ್ ಉಳಿಸಿದರೆ 36 ಚಿತ್ರಗಳ ರೀಲಿನಲ್ಲಿ 40 ತೆಗೆಯಬಹುದು ಎಂದು ಲೆಕ್ಕ ಹಾಕಿದ್ದರು. ಯುದ್ಧದಲ್ಲಿ ಸೋತು ಬಸವಳಿದ ದೇಶದ ಲೆಕ್ಕ ಅದು. ಆದರೆ ಅಮೆರಿಕದಲ್ಲಿ ಸ್ಲೈಡುಗಳನ್ನು ಕತ್ತರಿಸುವ ಯಂತ್ರಗಳಿಗೆ ಆ ಅಳತೆ ಹೊಂದಲಿಲ್ಲ. ಮುಂದಿನ ಮಾದರಿಯಲ್ಲಿ ಅಗಲ 34 ಆಯಿತು, 1954ರ ಎಸ್2 ಮಾದರಿಯಲ್ಲಿ ಕೊನೆಗೂ 36 ಆಯಿತು. ಇಂದಿನ ಡಿಜಿಟಲ್ ಕ್ಯಾಮೆರಾದ ಸಂವೇದಕ, ಅಂದರೆ ಸೆನ್ಸರ್, ಅದೇ ಅಳತೆಯದಾದರೆ ಅದು ಫುಲ್‌ಫ್ರೇಮ್.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು. ಕ್ಯಾನನ್ ಕಂಪನಿಯ ಮೂಲ 1933ರಲ್ಲಿ ಟೋಕಿಯೋದ ರೊಪ್ಪೊಂಗಿಯಲ್ಲಿ ಶುರುವಾದ ಚಿಕ್ಕ ಪ್ರಯೋಗಶಾಲೆ. ಅವರ ಮೊದಲ ಮಾದರಿ ಕ್ಯಾಮೆರಾದ ಹೆಸರು 'ಕ್ವಾನನ್'. ಕರುಣೆಯ ಬೋಧಿಸತ್ತ್ವ ಅವಲೋಕಿತೇಶ್ವರನಿಗೆ ಜಪಾನೀಯರು ಕರೆಯುವ ಹೆಸರು ಅದು. ಲೆನ್ಸಿಗೆ ಬುದ್ಧನ ಶಿಷ್ಯ ಕಾಶ್ಯಪನ ಹೆಸರಿಟ್ಟಿದ್ದರು. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಹತ್ತನೇ ಶತಮಾನದ ಲೋಕೇಶ್ವರನ ಕಂಚಿನ ಮೂರ್ತಿ ನೋಡಿದವರು ಆ ದೇವತೆಯನ್ನು ಬೇರೆ ವೇಷದಲ್ಲಿ ಆಗಲೇ ಕಂಡಿದ್ದಾರೆ.

ಅಳತೆ ಹಳೆಯದಾದರೂ ಬೆಲೆ ಮಾತ್ರ ಬಹುಕಾಲ ಕೈಗೆಟುಕಲಿಲ್ಲ. 2002ರಲ್ಲಿ ಬಂದ ಕ್ಯಾನನ್ 1ಡಿಎಸ್‌ಗೆ ಸುಮಾರು 8 ಸಾವಿರ ಡಾಲರ್. ಕಾರಣ ಸರಳ. ಸೆನ್ಸರುಗಳನ್ನು ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸಿ ಕತ್ತರಿಸುತ್ತಾರೆ. ದೋಸೆಯಿಂದ ಚೌಕ ತುಂಡು ತೆಗೆದ ಹಾಗೆ: ತುಂಡು ದೊಡ್ಡದಾದಷ್ಟೂ ಅಂಚಿನಲ್ಲಿ ಹೆಚ್ಚು ಪೋಲು. ಎಂಟು ಅಂಗುಲದ ಬಿಲ್ಲೆಯಿಂದ ದೊಡ್ಡ ಸೆನ್ಸರು ಮೂವತ್ತು, ಚಿಕ್ಕದು ಎಪ್ಪತ್ತೈದು ಸಿಗುತ್ತದೆ ಎಂದುಕೊಳ್ಳಿ. ಬಿಲ್ಲೆಯ ಮೇಲೆ ಹತ್ತು ಕಡೆ ದೋಷವಿದ್ದು, ಒಂದೊಂದೂ ಒಂದೊಂದು ತುಂಡನ್ನು ಕೆಡಿಸಿದರೆ ದೊಡ್ಡದರಲ್ಲಿ ಮೂರನೇ ಒಂದು ಪಾಲು ಕಸದಬುಟ್ಟಿಗೆ. ಚಿಕ್ಕದರಲ್ಲಿ ಏಳನೇ ಒಂದು ಪಾಲೂ ಇಲ್ಲ. ತಯಾರಿಕೆ ಪಳಗಿದ ಹಾಗೆ ಬೆಲೆಯೂ ಇಳಿಯಿತು. 2005ರ ಕ್ಯಾನನ್ 5ಡಿ 3,299 ಡಾಲರ್, 2012ರ ಕ್ಯಾನನ್ 6ಡಿ ಮತ್ತು ನಿಕಾನ್ ಡಿ600 ತಲಾ 2,099, 2013ರ ಸೋನಿ ಎ7 1,699, 2019ರ ಕ್ಯಾನನ್ ಆರ್‌ಪಿ 1,299.

ದೊಡ್ಡ ಸೆನ್ಸರಿನ ಲಾಭವೇನು? ಅದರ ವಿಸ್ತೀರ್ಣ 864 ಚದರ ಮಿಲಿಮೀಟರ್. ಸಾಮಾನ್ಯ ಹವ್ಯಾಸಿ ಕ್ಯಾಮೆರಾದ್ದು 370ರ ಆಸುಪಾಸು. ಅಗಲ ಬಾಯಿಯ ಕೊಡದಲ್ಲಿ ಮಳೆನೀರು ಬೇಗ ತುಂಬುವ ಹಾಗೆ, ಅದೇ ಎಕ್ಸ್‌ಪೋಷರಿನಲ್ಲಿ ಅದು ಎರಡು ಪಟ್ಟಿಗೂ ಮಿಕ್ಕಿ ಬೆಳಕು ಹಿಡಿಯುತ್ತದೆ. ನಕ್ಷತ್ರದ ರಾತ್ರಿ, ಯಕ್ಷಗಾನದ ರಂಗಸ್ಥಳ, ದೀಪ ಮಂಕಾದ ಮದುವೆಮನೆ, ಇಲ್ಲೆಲ್ಲ ಚಿತ್ರದಲ್ಲಿ ಕಾಣುವ ಮರಳುಮರಳು ಕಡಿಮೆ. ಆದರೆ ರಂಗನತಿಟ್ಟಿನ ಹಕ್ಕಿ ಹಿಡಿಯಹೊರಟ ಹುಡುಗನಿಗೆ ಚಿಕ್ಕ ಸೆನ್ಸರೇ ಮೇಲು. ಅವನ 300 ಮಿಲಿಮೀಟರ್ ಲೆನ್ಸು ಅದರಲ್ಲಿ 450ರಷ್ಟು ದೂರ ನೋಡುತ್ತದೆ. ಫುಲ್‌ಫ್ರೇಮ್ ಇಲ್ಲದೆ ಒಳ್ಳೆಯ ಚಿತ್ರವೇ ಬಾರದೆಂದು ಮಗ ಹಠ ಹಿಡಿದರೆ ತಂದೆ ಮೊದಲು ಕೇಳಬೇಕಾದದ್ದು, ಏನನ್ನು ತೆಗೆಯುತ್ತೀಯಪ್ಪಾ ಎಂದು.

ಹವ್ಯಾಸಿಗಳು ಕನ್ನಡಿಯಿಲ್ಲದ ಹೊಸ ಮಾದರಿಗಳಿಗೆ ಬದಲಾಗುತ್ತಿರುವುದರಿಂದ 6ಡಿ, ಡಿ600ರಂಥ ಕ್ಯಾಮೆರಾಗಳು ನಕಾನೋ ಕಪಾಟಿಗೆ ಬಂದು ಕೂತಿವೆ. ಹೊಸದಿದ್ದಾಗಿನ ಬೆಲೆಯ ಕಾಲುಭಾಗದ ಆಸುಪಾಸಿಗೆ ಸಿಗುವುದೂ ಉಂಟು. ಮನೆಯ ಬೀರುವಿನಲ್ಲಿ ಅಪ್ಪನ ಫಿಲ್ಮ್ ಕಾಲದ ನಿಕಾನ್ ಲೆನ್ಸು ಮಲಗಿದ್ದರೆ ಇನ್ನೂ ಒಳ್ಳೆಯದು. ಪೂರ್ಣ ಚೌಕಟ್ಟಿನಲ್ಲಿ ಅದು ಅಂದು ನೋಡುತ್ತಿದ್ದಷ್ಟೇ ಅಗಲವನ್ನು ಇಂದೂ ನೋಡುತ್ತದೆ. 1977ಕ್ಕಿಂತ ಹಿಂದಿನ ಮಾದರಿಯಾದರೆ ಮಾತ್ರ ತೋರಿಸದೆ ಕೂರಿಸಬಾರದು, ಕ್ಯಾಮೆರಾಕ್ಕೇ ಪೆಟ್ಟಾದೀತು.

ಜಾಗ್ರತೆಯ ವಿಷಯಗಳು ಇನ್ನೂ ಕೆಲವಿವೆ. ಜಪಾನಿನ ಪೇಟೆಗೆಂದು ಮಾಡಿದ ಸೋನಿ ಎ7ರಲ್ಲಿ ಪರದೆಯ ಮೇಲಿನ ಸೂಚನೆಗಳೆಲ್ಲ ಜಪಾನೀ ಭಾಷೆಯಲ್ಲಿ ಮಾತ್ರ. ಅಗ್ಗವೆಂದು ತಂದು ಊರಿನಲ್ಲಿ ಕಣ್ಣುಕಣ್ಣು ಬಿಡಬೇಕಾಗುತ್ತದೆ. ಡಿ600ರ ಕೆಲವು ಕ್ಯಾಮೆರಾಗಳಲ್ಲಿ ಚಿತ್ರದ ಮೇಲೆ ಕಪ್ಪು ಚುಕ್ಕೆ ಬೀಳುತ್ತಿತ್ತು. ಕಂಪನಿ ಅದನ್ನು ಒಪ್ಪಿ ದುರಸ್ತಿಗೆ ವ್ಯವಸ್ಥೆ ಮಾಡಿತ್ತು. ಕೊಳ್ಳುವಾಗ ಆ ದುರಸ್ತಿಯಾಗಿದೆಯೇ ಎಂದು ನೋಡಬೇಕು. 6ಡಿಯ ಷಟರಿಗೆ ತಯಾರಕರು ಹೇಳಿದ ಆಯುಸ್ಸು ಒಂದು ಲಕ್ಷ ಚಿತ್ರ. ಎಲ್ಲಕ್ಕಿಂತ ಹೆಚ್ಚಾಗಿ, ಇದ್ದ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿದರೆ ಲೆನ್ಸಿಗೆ ಉಳಿಯುವುದಿಲ್ಲ. ದೊಡ್ಡ ಸೆನ್ಸರಿಗೆ ದೊಡ್ಡ ಲೆನ್ಸು ಬೇಕು, ಅದರ ಖರ್ಚೂ ದೊಡ್ಡದು.

ಇಂಥ ಅಂಗಡಿಗಳಲ್ಲಿ 'ಜಂಕ್' ಎಂದು ಬರೆದ ಪೆಟ್ಟಿಗೆಗಳೂ ಇರುತ್ತವೆ. ಗ್ಯಾರಂಟಿಯಿಲ್ಲ, ಮರಳಿ ತೆಗೆದುಕೊಳ್ಳುವುದೂ ಇಲ್ಲ. ಲೆನ್ಸಿನ ಚೀಟಿಯಲ್ಲಿ 'ಕಬಿ' ಎಂಬ ಪದ ಕಂಡರೆ ಬೂಷ್ಟು ಹಿಡಿದಿದೆ ಎಂದು ಅರ್ಥ. ಮಡಿಕೇರಿ, ಆಗುಂಬೆ ಕಡೆಯವರಿಗೆ ಆ ಶತ್ರುವಿನ ಪರಿಚಯ ಬೇಕಿಲ್ಲ. ಬಲ್ಲವರು ಲೆನ್ಸನ್ನು ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೆ ಜೇಡರ ಬಲೆಯಂಥ ಎಳೆ ಇದೆಯೇ ಎಂದು ನೋಡುತ್ತಾರೆ. ಕ್ಯಾಮೆರಾ ಕೊಳ್ಳುವವರು ತಮ್ಮದೇ ಮೆಮೊರಿ ಕಾರ್ಡು ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಅಂಗಡಿಯವರ ಅನುಮತಿ ಕೇಳಿ, ಲೆನ್ಸಿನ ಬಾಯಿ ಎಫ್22ಕ್ಕೆ ಕಿರಿದು ಮಾಡಿ, ಬಿಳಿ ಹಾಳೆಯ ಒಂದು ಚಿತ್ರ ತೆಗೆಯುತ್ತಾರೆ. ಆಮೇಲೆ ಪರದೆಯ ಮೇಲೆ ಅದನ್ನು ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ಚುಕ್ಕೆ ಹುಡುಕುತ್ತಾ ನಿಲ್ಲುತ್ತಾರೆ.