ಹೊರಗಿನ ಚಿಲಕ

ಕಾಮಾಕ್ಷಿಪಾಳ್ಯದಲ್ಲಿ ಹುಟ್ಟಿ ಬೆಳೆದವನಿಗೆ ಸದ್ದು ಹೊಸದಲ್ಲ. ಮಾಗಡಿ ರಸ್ತೆಯ ಬಸ್ಸು ಲಾರಿಗಳ ಆರ್ಭಟ ಒಂದು ಕಡೆ, ಗಲ್ಲಿಗಳ ಲೇತ್ ಯಂತ್ರಗಳ ಕೀರಲು ದನಿ ಇನ್ನೊಂದು ಕಡೆ. ಇಷ್ಟು ಗದ್ದಲದಲ್ಲಿಯೂ ನಿದ್ರಿಸುತ್ತಿದ್ದ ನನ್ನ ಸೋದರಮಾವ ಒಂದೇ ಒಂದು ಸದ್ದಿಗೆ ಬೆಚ್ಚಿ ಎದ್ದು ಕೂರುತ್ತಿದ್ದರು. ಅದು ಬಾಗಿಲಿನ ಚಿಲಕದ ಸದ್ದು.

ಮಾವ ಲೇತ್ ಕೆಲಸದಲ್ಲಿ ಪಳಗಿದವರು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಇತರರಿಗೆ ಕೇಳಿಸದ ದನಿಗಳು ಅವರಿಗೆ ಕೇಳಿಸತೊಡಗಿದವು. ಊಟ ಬಿಟ್ಟರು, ಕೆಲಸ ಬಿಟ್ಟರು, ನಡುರಾತ್ರಿ ಎದ್ದು ಬೀದಿಗೆ ಹೋಗುತ್ತಿದ್ದರು. ನಾವು ಹೆದರಿದೆವು. ಹಿಂದಿನ ಕೋಣೆಗೆ ಹೊರಗಡೆಯಿಂದ ಒಂದು ಚಿಲಕ ಹಾಕಿಸಿದೆವು. ಅವರನ್ನು ಒಳಗೆ ನೂಕಿದವರಲ್ಲಿ ನಾನೂ ಒಬ್ಬ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ವೈದ್ಯರು ಇದು ಸ್ಕಿಜೋಫ್ರೀನಿಯಾ ಎಂದರು. ಔಷಧದಿಂದ ದನಿಗಳು ಕ್ಷೀಣಿಸಿದವು. ಆದರೆ ಚಿಲಕದ ಭಯ ಹೋಗಲಿಲ್ಲ. ಅದು ರೋಗ ಕೊಟ್ಟದ್ದಲ್ಲ, ನಾವು ಕೊಟ್ಟದ್ದು. ಕೆಲಕಾಲ ಪುನರ್ವಸತಿ ಗೃಹವೊಂದರಲ್ಲಿ ಇರಿಸುವುದು ಒಳ್ಳೆಯದೆಂದು ವೈದ್ಯರು ಸೂಚಿಸಿದರು.

ಈ ವಿಷಯದಲ್ಲಿ ನಮ್ಮ ಬೆಂಗಳೂರಿಗೆ ದೀರ್ಘ ಚರಿತ್ರೆಯುಂಟು. ಇಲ್ಲಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಅದೂ, 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆಗೂ ಮನೆಗೂ ನಡುವೆ ಮೆಟ್ಟಿಲಿನಂತಿರುವ ವಸತಿಗೃಹಗಳೂ ಈ ನಗರದಲ್ಲಿ ಹಲವು ದಶಕಗಳಿಂದ ನಡೆದುಬಂದಿವೆ.

ಅಂಥದೊಂದರಲ್ಲಿ ಮಾವ ಹತ್ತು ತಿಂಗಳಿದ್ದರು. ನಾನು ಮೊದಲು ನೋಡಹೋದ ದಿನ, ಅಲ್ಲಿಯ ಕಾರ್ಯಕರ್ತೆಯೊಬ್ಬರು ತೆರೆದೇ ಇದ್ದ ಬಾಗಿಲನ್ನು ಮೆಲ್ಲನೆ ತಟ್ಟಿ, “ಒಳಗೆ ಬರಲೇ ಸಾರ್?” ಎಂದರು. ಮಾವ “ಬನ್ನಿ” ಎಂದ ಮೇಲೆಯೇ ಹೊಸ್ತಿಲು ದಾಟಿದರು. ಮಾತ್ರೆಯನ್ನು ಊಟದ ಕೂಡಲೇ ತೆಗೆದುಕೊಳ್ಳುವಿರೋ, ಸ್ವಲ್ಪ ತಡೆದೋ ಎಂದು ಅವರನ್ನೇ ಕೇಳಿದರು. ನನಗೆ ಸೋಜಿಗವಾಯಿತು. ಹೊರಗೆ ಬಂದಾಗ ವಿಚಾರಿಸಿದೆ.

“ಇಲ್ಲಿಗೆ ಬರುವವರಲ್ಲಿ ಬಹಳ ಮಂದಿ ಬಲವಂತವನ್ನು ಕಂಡವರು. ಕಟ್ಟಿಸಿಕೊಂಡವರು, ಹೊಡೆಸಿಕೊಂಡವರು. ನಾವೂ ಹಾಗೇ ಮೈಮೇಲೆ ಬಿದ್ದರೆ ಹಳೆಯ ಗಾಯವೇ ಕೆದರುತ್ತದೆ. ಇವರಿಗೆ ಏನಾಗಿದೆ ಎಂಬುದರ ಜತೆಗೆ, ಇವರ ಮೇಲೆ ಏನೇನು ನಡೆದಿದೆ ಎಂಬುದನ್ನೂ ತಿಳಿದುಕೊಳ್ಳಬೇಕಪ್ಪ” ಎಂದರು.

ನಾನು ತಲೆ ತಗ್ಗಿಸಿದೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಸಮಾಜದ ನಡುವೆಯೇ ಬಾಳುವ ಹಕ್ಕನ್ನೂ ಕೊಟ್ಟಿದೆ. ಆದರೆ ನಮ್ಮ ಹಿಂದಿನ ಕೋಣೆಯವರೆಗೆ ಬಂದು ಚಿಲಕ ಬಿಚ್ಚುವವರು ಯಾರು?

ಮಾವ ಮನೆಗೆ ಬರುವ ದಿನ ನಾನು ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ಕುಳಿತೆ. ಅಜ್ಜಿಗೆ ಅಳುಕು. “ರಾತ್ರಿ ಎದ್ದು ಹೋದರೆ ಏನು ಗತಿಯೋ?” ಎಂದರು. ತುಕ್ಕು ಹಿಡಿದ ಸ್ಕ್ರೂ ಜಗ್ಗಲಿಲ್ಲ. ಅಷ್ಟರಲ್ಲಿ ಮಾವ ಬಂದೇಬಿಟ್ಟರು. ಒಂದು ಗಳಿಗೆ ನಿಂತು ನೋಡಿ, “ಹಂಗಲ್ಲ ಕಣೋ, ಕೊಡು ಇಲ್ಲಿ” ಎಂದು ಕೈಗೆ ತೆಗೆದುಕೊಂಡರು. ನಾಲ್ಕು ಹನಿ ಎಣ್ಣೆ ಬಿಟ್ಟು, ನಾಲ್ಕು ಸ್ಕ್ರೂಗಳನ್ನೂ ತಾವೇ ತೆಗೆದರು. ಬಳಿಕ ಅಜ್ಜಿಯ ಕಡೆ ತಿರುಗಿ, “ಹೋಗೋದಾದ್ರೆ ಹೇಳಿ ಹೋಗ್ತೀನಮ್ಮ” ಎಂದರು.

ಈಗಲೂ ಕೆಲವು ರಾತ್ರಿ ಮಾವನಿಗೆ ನಿದ್ರೆ ಬಾರದು. ಮಾತ್ರೆ ನಡೆದೇ ಇದೆ. ಬಾಗಿಲಿನ ಮೇಲೆ ನಾಲ್ಕು ತೂತುಗಳು ಹಾಗೆಯೇ ಉಳಿದಿವೆ. ಮಾವನ ಕೋಣೆಗೆ ಹೋಗುವಾಗಲೆಲ್ಲ ಅವು ಕಣ್ಣಿಗೆ ಬೀಳುತ್ತವೆ. ನಾನು ಬಾಗಿಲು ತಟ್ಟಿ ನಿಲ್ಲುತ್ತೇನೆ.