ಇಪ್ಪತ್ತು ಸೆಕೆಂಡಿನ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಶಾಲೆ ಬೆಳೆದು ಬಂದ ದಾರಿಯನ್ನು ನನಗಿಂತ ಬಲ್ಲವರು ಬರೆಯುವರು. ಇದೇ ಶಾಲೆಯಲ್ಲಿ ಓದಿ, ಇಲ್ಲಿಯೇ ಗಣಿತದ ಅಧ್ಯಾಪಕನಾಗಿ ನಿವೃತ್ತನಾದ ನಾನು, ವೃತ್ತಿಯ ಕೊನೆಯ ವರ್ಷಗಳಲ್ಲಿ ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತ ಪಾಠವನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಾವು ಓದುತ್ತಿದ್ದ ಕಾಲದಲ್ಲಿ ಆಟ ಬೇರೆ, ಪಾಠ ಬೇರೆ. ಗಂಟೆ ಬಾರಿಸಿತೆಂದರೆ ಆಟ ಮುಗಿಯಿತು, ಮಗ್ಗಿ ಆರಂಭವಾಯಿತು. ಆದರೆ ಆಟಿ ತಿಂಗಳ ಮಳೆ ಹಿಡಿದಾಗ ಮನೆಯ ಚಾವಡಿಯಲ್ಲಿ ಅಜ್ಜಿ ಚೆನ್ನೆಮಣೆ ತೆಗೆದಿರಿಸುತ್ತಿದ್ದರು. 14 ಗುಳಿಗಳಲ್ಲಿ ನಾಲ್ಕು ನಾಲ್ಕರಂತೆ 56 ಮಂಜೊಟ್ಟಿ ಕಾಯಿಗಳು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿಗೆ ಮುಟ್ಟೀತು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತ ಕುಳಿತರೆ ಅಜ್ಜಿ ಅವಸರ ಮಾಡುತ್ತಿರಲಿಲ್ಲ. ನಾನು ಕಲಿತ ಮೊದಲ ಗಣಿತ ಅದುವೇ ಎಂಬ ಅರಿವು ನನಗೆ ಮೂಡಿದ್ದು ಬಹಳ ತಡವಾಗಿ.

2018ರಲ್ಲಿ ಕೇರಳ ಸರಕಾರದ ಕೈಟ್ ಸಂಸ್ಥೆಯು ರಾಜ್ಯದ 45,000 ತರಗತಿ ಕೋಣೆಗಳನ್ನು ಹೈಟೆಕ್ ಆಗಿಸುವ ಕಾರ್ಯವನ್ನು ಕೈಗೊಂಡಿತು. ನಮ್ಮ ಗಡಿನಾಡಿನ ಕನ್ನಡ ತರಗತಿಗಳಿಗೂ ಲ್ಯಾಪ್‌ಟಾಪ್, ಪ್ರೊಜೆಕ್ಟರ್‌ಗಳು ಬಂದವು. ಸೀಮೆಸುಣ್ಣ ಹಿಡಿದ ಕೈಗೆ ಮೌಸ್ ಹಿಡಿಯುವ ಹುಮ್ಮಸ್ಸು. ಆ ದಿನಗಳಲ್ಲಿಯೇ ಕಹೂಟ್ ಎಂಬ ಆನ್‌ಲೈನ್ ಆಟದ ಪರಿಚಯವಾಯಿತು. ನಾರ್ವೆ ದೇಶದಲ್ಲಿ ಹುಟ್ಟಿ, 2013ರಲ್ಲಿ ಸಾರ್ವಜನಿಕರ ಬಳಕೆಗೆ ಬಂದ ಆಟವದು. ಪ್ರಶ್ನೆ ದೊಡ್ಡ ಪರದೆಯಲ್ಲಿ ಮೂಡುತ್ತದೆ. ಮಕ್ಕಳು ತಮ್ಮ ಮುಂದಿನ ಯಂತ್ರದಲ್ಲಿ ಕೆಂಪು ತ್ರಿಕೋನವನ್ನೋ ನೀಲಿ ವಜ್ರಾಕೃತಿಯನ್ನೋ ಒತ್ತಿ ಉತ್ತರಿಸಬೇಕು. ನಾವು ಬದಲಿಸದಿದ್ದರೆ ಒಂದು ಪ್ರಶ್ನೆಗೆ ದೊರೆಯುವ ಸಮಯ 20 ಸೆಕೆಂಡು. ಸರಿಯುತ್ತರಕ್ಕೆ ಹೆಚ್ಚೆಂದರೆ 1000 ಅಂಕ. ತಡವಾದಷ್ಟೂ ಅಂಕ ಇಳಿಯುತ್ತದೆ.

ಎಂಟನೆಯ ತರಗತಿಗೆ ಭಿನ್ನರಾಶಿಗಳ ಪುನರಾವರ್ತನೆಗೆಂದು ಈ ಆಟವನ್ನು ಆರಿಸಿದೆ. ಪ್ರಯೋಗಾಲಯದ ಒಂದೊಂದು ಕಂಪ್ಯೂಟರಿಗೆ ನಾಲ್ವರು ಮಕ್ಕಳು. ಪ್ರಶ್ನೆಗಳನ್ನು ನಾನು ಬರೆಯಲಿಲ್ಲ. ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದವನ್ನೇ ತೆಗೆದುಕೊಂಡೆ. ಸಂಗೀತ ಮೊಳಗಿತು, ಮಕ್ಕಳು ಕೇಕೆ ಹಾಕಿದರು. ಇಷ್ಟು ಉತ್ಸಾಹದ ಗಣಿತ ತರಗತಿಯನ್ನು ನಾನು ಕಂಡಿರಲೇ ಇಲ್ಲವೆಂದು ಬೀಗಿದೆ.

ಮರುದಿನ ಒಬ್ಬ ಹುಡುಗಿ ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಸಾರ್, ಇನ್ನು ಮುಂದೆ ಆಟಕ್ಕೆ ನನ್ನನ್ನು ಸೇರಿಸಬೇಡಿ. ನನ್ನಿಂದಾಗಿ ಗುಂಪು ಸೋಲುತ್ತದೆ" ಎಂದಳು. ಅವಳ ಗುಂಪು ಕೊನೆಯ ಸ್ಥಾನದಲ್ಲಿದ್ದುದು ನಿಜ. ಉಳಿದವರು ನಕ್ಕದ್ದೂ ನಿಜ. ಆ ನಗುವನ್ನು ನಾನು ತಡೆದಿರಲಿಲ್ಲ.

ಅವಳ ಪುಸ್ತಕ ತರಿಸಿ ನೋಡಿದೆ. 2/3 ಮತ್ತು 3/5 ಇವುಗಳಲ್ಲಿ ದೊಡ್ಡದು ಯಾವುದೆಂಬ ಪ್ರಶ್ನೆಗೆ ಆಕೆ ಎರಡು ಆಯತಗಳನ್ನು ಬರೆದು, ಎರಡನ್ನೂ 15 ಸಮಭಾಗ ಮಾಡಿ, ಒಂದರಲ್ಲಿ 10, ಇನ್ನೊಂದರಲ್ಲಿ 9 ಮನೆಗಳಿಗೆ ಗೀರು ಹಾಕಿದ್ದಳು. ಪರದೆಯ ಇಂಗ್ಲಿಷ್ ವಾಕ್ಯವನ್ನು ಓದಿ, ಕನ್ನಡದಲ್ಲಿ ಅರ್ಥೈಸಿಕೊಂಡು, ಚಿತ್ರ ಮುಗಿಸುವಷ್ಟರಲ್ಲಿ 20 ಸೆಕೆಂಡು ತೀರಿಹೋಗಿತ್ತು. ಮೊದಲ ಸ್ಥಾನ ಪಡೆದ ಹುಡುಗನನ್ನು ಕರೆದು ಹೇಗೆ ಉತ್ತರಿಸಿದೆಯೆಂದು ಕೇಳಿದೆ. "ಕೆಳಗಿನ ಸಂಖ್ಯೆ ಚಿಕ್ಕದಿದ್ದರೆ ಭಿನ್ನರಾಶಿ ದೊಡ್ಡದು ಸಾರ್" ಎಂದ. ಹಾಗಾದರೆ 2/5 ಮತ್ತು 3/7? "2/5 ದೊಡ್ಡದು" ಎಂದು ಥಟ್ಟನೆ ನುಡಿದ. 35 ಸಮಭಾಗ ಮಾಡಿದರೆ ಅವು 14 ಮತ್ತು 15, ದೊಡ್ಡದು 3/7. ತಿಳಿಯದವನಿಗೆ ಜಯಕಾರ, ತಿಳಿದವಳಿಗೆ ಪರಿಹಾಸ: ನನ್ನ ಹೈಟೆಕ್ ತರಗತಿಯ ಫಲಿತಾಂಶ ಅದಾಗಿತ್ತು.

ದೋಷ ಆಟದ್ದಲ್ಲ, ಅದನ್ನು ಹೂಡಿದ ನನ್ನದು. ಆ ರಾತ್ರಿ ಕುಳಿತು ಅಂಶ, ಛೇದ, ಸಮಛೇದ ಎಂಬ ನಮ್ಮ ಮಕ್ಕಳ ಮಾತುಗಳಲ್ಲಿಯೇ ಹತ್ತು ಪ್ರಶ್ನೆ ಬರೆದೆ. ಸಮಯವನ್ನು 120 ಸೆಕೆಂಡಿಗೆ ಏರಿಸಿದೆ. ಅಂಕವೇ ಇಲ್ಲದಂತೆ ಹೊಂದಿಸಿದೆ. ಮೌಸನ್ನು ನಾಲ್ವರೂ ಸರದಿಯಂತೆ ಹಿಡಿಯಬೇಕು. ಪ್ರತಿ ಪ್ರಶ್ನೆಯ ಬಳಿಕ ಆಟ ನಿಲ್ಲಬೇಕು. ಒಬ್ಬರು ಕರಿಹಲಗೆಗೆ ಬಂದು ಕಾರಣ ಹೇಳಬೇಕು. ಕೇಕೆ ಕಡಿಮೆಯಾಯಿತು, ಮಾತು ಹೆಚ್ಚಾಯಿತು. ಆ ಹುಡುಗಿಯನ್ನು ಒತ್ತಾಯಿಸಲಿಲ್ಲ. ಮೂರನೆಯ ಪ್ರಶ್ನೆಗೆ ತಾನಾಗಿಯೇ ಎದ್ದು ಬಂದು ಎರಡು ಆಯತಗಳನ್ನು ಬರೆದಳು. ಮೊದಲ ಸ್ಥಾನದ ಹುಡುಗ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದುದನ್ನು ಹಿಂದಿನ ಬೆಂಚಿನಿಂದ ಕಂಡ ನನಗೆ, ಅಂದೇ ಅಧ್ಯಾಪಕನಾದಂತೆ ಅನಿಸಿತು.

ಒಮ್ಮೆ ಜಡಿಮಳೆಗೆ ವಿದ್ಯುತ್ತೂ ಇಂಟರ್‌ನೆಟ್ಟೂ ಕೈಕೊಟ್ಟಾಗ ಅವೇ ಪ್ರಶ್ನೆಗಳನ್ನು ಕರಿಹಲಗೆಯಲ್ಲಿ ಬರೆದು, ಮನೆಯಿಂದ ತಂದಿರಿಸಿದ್ದ ಮಂಜೊಟ್ಟಿ ಕಾಯಿಗಳಿಂದ ಆಡಿಸಿದೆ. ಪಾಠ ನಿಲ್ಲಲಿಲ್ಲ. ಯಂತ್ರ ನಾರ್ವೆಯದಿರಲಿ, ಚಾವಡಿಯದಿರಲಿ, ಮಗುವಿಗೆ ಬೇಕಾದುದು ತನ್ನ ನುಡಿಯ ಪ್ರಶ್ನೆ ಮತ್ತು ಯೋಚಿಸಲು ಬಿಡುವು. ಅಜ್ಜಿ ಅದನ್ನು ಬಲ್ಲವರಾಗಿದ್ದರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಶಾಲೆಯನ್ನು ಕಟ್ಟಿ ಉಳಿಸಿಕೊಂಡು ಬಂದವರು ನಮ್ಮ ಹಿರಿಯರು. ಈಗ ದೂರದೂರುಗಳಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ ಹಳೆವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಕಂಪ್ಯೂಟರುಗಳನ್ನು ದಾನವಾಗಿ ಕೊಡುವಿರಾದರೆ ಉಪಕಾರ. ಆದರೆ ಅದರೊಡನೆ ನಿಮ್ಮ ನಿಮ್ಮ ವಿಷಯದಲ್ಲಿ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಡಿ. ವಿಜ್ಞಾನದ್ದಾಗಲಿ, ಭೂಗೋಳದ್ದಾಗಲಿ, ಅವು ಮುಂದಿನ ಮಕ್ಕಳ ಆಟಕ್ಕೂ ಪಾಠಕ್ಕೂ ಒದಗುವುವು.

ನಮ್ಮ ವಿದ್ಯಾಸಂಸ್ಥೆ ಶತಮಾನೋತ್ಸವವನ್ನು ಕಾಣಲಿ. ಅಂದಿನ ತರಗತಿಯಲ್ಲಿಯೂ ನಿಧಾನವಾಗಿ ಯೋಚಿಸುವ ಮಗುವಿಗೆ ಕನ್ನಡದಲ್ಲಿ ಒಂದು ಪ್ರಶ್ನೆ ಕಾದಿರಲಿ ಎಂದು ಹಾರೈಸುತ್ತೇನೆ.