ಹೊಗೆ ಇಳಿಯುತ್ತದೆ, ಮರ ಏರುತ್ತದೆ

ಅಕ್ಟೋಬರ್ ಕೊನೆಯ ವಾರ. ಕೆನಕ್ರೇಗ್‌ನಿಂದ ಹೊರಟ ಹಡಗು ಎರಡು ಗಂಟೆಗೂ ಮೇಲೆ ತೂಗಿ ತೊನೆದು ನಿಮ್ಮನ್ನು ಪೋರ್ಟ್ ಎಲೆನ್‌ನಲ್ಲಿ ಇಳಿಸಿದೆ. ಕಾರಿನ ಕಿಟಕಿ ಇಳಿಸಿ. ಉಪ್ಪುಗಾಳಿಯ ಜೊತೆಗೆ ಮೂಗಿಗೆ ಅಡರುವ ಆ ಒದ್ದೆ ಹೊಗೆ ಊರಂಚಿನ ದೊಡ್ಡ ಬೋಳು ಕಟ್ಟಡದ್ದು. 1973ರಿಂದ ಅಲ್ಲಿ ಬಾರ್ಲಿಗೆ ಮೊಳಕೆ ಬರಿಸಿ ಹೊಗೆ ಹಾಕುತ್ತಿದ್ದಾರೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಈ ಐಲಾ ದ್ವೀಪದಲ್ಲಿ ಇರುವವರು ಮೂರು ಸಾವಿರದಷ್ಟು ಜನ. ಇಲ್ಲಿನ ವಿಸ್ಕಿ ಕುಡಿಯುವವರು ಲೋಕದ ತುಂಬ ಇದ್ದಾರೆ.

ಬೌಮೋರ್ ಕಡೆಗೆ ಹೋಗುವ ರಸ್ತೆ ಗೆರೆ ಎಳೆದಷ್ಟು ನೇರವಾಗಿದ್ದರೂ ಕಾರು ಅಲೆಯ ಮೇಲಿದ್ದಂತೆ ಏಳುತ್ತದೆ, ಬೀಳುತ್ತದೆ. ರಸ್ತೆ ಮಾಡಿದವರ ತಪ್ಪೇನಿಲ್ಲ. ಕೆಳಗಿರುವುದು ಪೀಟ್, ಅಂದರೆ ಜೌಗಿನಲ್ಲಿ ಕೊಳೆಯಲು ಗಾಳಿ ಸಿಗದೆ ಪದರ ಪದರವಾಗಿ ಕುಳಿತ ಪಾಚಿ, ಹುಲ್ಲು, ಹೀದರ್ ಗಿಡದ ಬೇರು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ರಸ್ತೆಬದಿಯ ಆ ಕಪ್ಪು ಕಂದಕದಲ್ಲಿ ಒಂದು ಮೀಟರ್ ಕೆಳಗೆ ಕೈಯಿಟ್ಟರೆ ನಿಮ್ಮ ಬೆರಳಿಗೆ ಅಂಟುವುದು ಸಾವಿರ ವರ್ಷ ಹಿಂದಿನ ಹಸಿರು. ವಸಂತದಲ್ಲಿ ಉದ್ದ ಹಿಡಿಯ ಸಲಿಕೆಯಿಂದ ಇಟ್ಟಿಗೆಯಂತೆ ಕತ್ತರಿಸಿ, ಬೇಸಿಗೆಯ ಗಾಳಿಗೆ ಒಣಗಿಸುತ್ತಾರೆ. ಮರಗಳೇ ವಿರಳವಾದ ದ್ವೀಪದಲ್ಲಿ ತಲೆತಲಾಂತರದಿಂದ ಒಲೆಗೆ ಇದೇ ಉರುವಲು. ರುಚಿಗೆಂದು ಯಾರೂ ಮೊದಲು ಹೊಗೆ ಹಾಕಿದ್ದಲ್ಲ. ಉರಿಸಲು ಬೇರೇನೂ ಇರಲಿಲ್ಲ, ಅಷ್ಟೇ.

ಬೌಮೋರ್ ದಾಟಿ, ಅಲ್ಲಿನ ಕೊಲ್ಲಿಯನ್ನು ಬಳಸಿ ಪಶ್ಚಿಮಕ್ಕೆ ತಿರುಗಿ. ರಸ್ತೆ ಒಂದೇ ಕಾರಿನಷ್ಟು ಅಗಲಕ್ಕೆ ಇಳಿದಿದೆ. ಎದುರಿನಿಂದ ಬಂದವರು ಪಕ್ಕದ ಅಗಲ ಜಾಗಕ್ಕೆ ಸರಿದು ದಾರಿ ಬಿಟ್ಟು, ಸ್ಟೇರಿಂಗ್ ಮೇಲಿಂದ ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ಬಲಗಡೆಗೆ ಲಾಖ್ ಗೋರ್ಮ್ ಸರೋವರ, ಪೀಟ್ ಬಸಿದು ಕಂದು ಬಣ್ಣಕ್ಕೆ ತಿರುಗಿದ ನೀರು. ನಡುವಿನ ನಡುಗಡ್ಡೆಯಲ್ಲಿ ಮ್ಯಾಕ್‌ಡೊನಾಲ್ಡ್ ಮನೆತನದ ಕೋಟೆಯ ಕುಸಿದ ಕಲ್ಲುಗಳು. ಗದ್ದೆಗಳೆಲ್ಲ ಕಪ್ಪುಬಿಳುಪಾಗಿ ಅಲುಗುತ್ತಿವೆಯಲ್ಲ, ಅವು ಬಾರ್ನಕಲ್ ಹೆಬ್ಬಾತುಗಳು. ಗ್ರೀನ್‌ಲೆಂಡಿನಿಂದ ಹಾರಿ ಬಂದು ಚಳಿಗಾಲ ಕಳೆಯುವ ಹತ್ತಾರು ಸಾವಿರ ಹಕ್ಕಿಗಳ ಗದ್ದಲದಲ್ಲಿ ಪಕ್ಕದವರ ಮಾತು ಕೇಳಿಸದು.

ರಸ್ತೆ ಮುಗಿಯುವಲ್ಲಿ ಮಾಕಿರ್ ಕೊಲ್ಲಿಯ ಮರಳು. ಅದರ ಮೇಲಿನ ಇಳಿಜಾರಿನಲ್ಲಿ ಯುದ್ಧಕಾಲದ ಸಮಾಧಿಗಳಿವೆ. 1918ರ ಅಕ್ಟೋಬರ್ 6ರಂದು ಬಿರುಗಾಳಿಯಲ್ಲಿ ಅಮೆರಿಕನ್ ಸೈನಿಕರನ್ನು ಹೊತ್ತ ಒಟ್ರಾಂಟೊ ಹಡಗು ಜೊತೆಯ ಇನ್ನೊಂದು ಹಡಗಿಗೆ ಬಡಿದು ಇಲ್ಲಿನ ಬಂಡೆಗೆ ಸಿಕ್ಕಿ ಒಡೆಯಿತು. ಸತ್ತವರು ನಾನೂರಕ್ಕೂ ಹೆಚ್ಚು. ಆ ಇನ್ನೊಂದು ಹಡಗಿನ ಹೆಸರು ಕಾಶ್ಮೀರ್. ವಿಸ್ಕಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಇಲ್ಲಿ ತನಕ ಬಂದು ನೋಡದೆ ಹೋಗುವುದು ಸರಿಯಲ್ಲ.

ಈಗ ರಾಕ್‌ಸೈಡ್ ಹೊಲಮನೆಯ ಅಂಗಳಕ್ಕೆ ಬನ್ನಿ. ಆಂಟನಿ ವಿಲ್ಸ್ 2005ರಲ್ಲಿ ಇಲ್ಲಿ ಕಿಲ್‌ಹೋಮನ್ ಭಟ್ಟಿ ಶುರುಮಾಡಿದಾಗ ಐಲಾದಲ್ಲಿ ಹೊಸ ಭಟ್ಟಿ ಎದ್ದು 124 ವರ್ಷವಾಗಿತ್ತು. ಬಾಗಿಲು ದಾಟಿದರೆ ಬಾರ್ಲಿಗೆ ಮೊಳಕೆ ಬರಿಸಿ ಮಾಲ್ಟ್ ಮಾಡುವ ನೆಲ: ತಂಪು ಕೋಣೆಯ ತುಂಬ ಹರಡಿದ ಒದ್ದೆ ಬಾರ್ಲಿ. ಬಗ್ಗಿ ಒಂದು ಹಿಡಿ ತೆಗೆದುಕೊಳ್ಳಿ. ಬುಡದಲ್ಲಿ ಬಿಳಿ ಬೇರು ಒಡೆದಿದೆ, ಮೊಳಕೆ ಕಟ್ಟಿದ ರಾಗಿಯದೇ ಹಸಿ ಸಿಹಿ ವಾಸನೆ. ಸುಮ್ಮನೆ ಬಿಟ್ಟರೆ ಕಾಳು ತನ್ನ ಕಾವಿಗೆ ತಾನೇ ಬೆಂದು ಬೇರು ಹೆಣೆದುಕೊಳ್ಳುತ್ತದೆ. ಹಾಗಾಗಿ ಹಗಲೂ ರಾತ್ರಿಯೂ ಯಾರಾದರೂ ಬಂದು ಮಗುಚಬೇಕು. ಭಟ್ಟಿಗೆ ಬೇಕಾದ ಮಾಲ್ಟ್‌ನಲ್ಲಿ ಒಂದು ಪಾಲು ಮಾತ್ರ ಇಲ್ಲಿನದು, ಹೊಗೆಯಲ್ಲೂ ಮೆದು. ಹೆಚ್ಚಿನದು ಬಹುಕಾಲ ಬಂದದ್ದು ಬೆಳಿಗ್ಗೆ ನೀವು ಮೂಸಿದ ಆ ಪೋರ್ಟ್ ಎಲೆನ್ ಕಟ್ಟಡದಿಂದ. ಅದರ ಹೊಗೆಯ ಅಳತೆ 50 ಪಿಪಿಎಂ ಫೀನಾಲ್, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು ಹೊಗೆವಾಸನೆಯ ಅಂಶ.

ಒಲೆಯ ಬಾಗಿಲು ತೆಗೆದರು, ಹಿಂದೆ ಸರಿಯಿರಿ. ಜ್ವಾಲೆ ಕಾಣುವುದಿಲ್ಲ, ಪೀಟ್ ಉರಿಯಬಾರದು, ಕನಲಬೇಕು. ಮೇಲಿನ ಜಾಲರಿಯ ನೆಲದಲ್ಲಿ ಒದ್ದೆ ಕಾಳಿನ ಸಿಪ್ಪೆಗೆ ಹೊಗೆ ಅಂಟುತ್ತಿದೆ. ಕಾಳು ಒಣಗಿತೆಂದರೆ ಮತ್ತೆ ಅಂಟುವುದು ಕಷ್ಟ, ಹೀಗಾಗಿ ಮೊದಲ ಗಂಟೆಗಳೇ ಎಲ್ಲ. 50 ಎಂಬ ಆ ಸಂಖ್ಯೆಯನ್ನು ಸೀಸೆ ಹಿಡಿದು ಮೆರೆಸುವವರಿದ್ದಾರೆ. ಅದು ಕಾಳಿನಲ್ಲಿ ಅಳೆದದ್ದು. ಅರೆದು, ಬಿಸಿನೀರು ಹಾಕಿ, ಹುಳಿಸಿ, ಎರಡು ಸಲ ಭಟ್ಟಿ ಇಳಿಸುವಷ್ಟರಲ್ಲಿ ದೊಡ್ಡ ಪಾಲು ದಾರಿಯಲ್ಲೇ ಹೋಗಿರುತ್ತದೆ.

ಭಟ್ಟಿಮನೆಯಲ್ಲಿ ಬೆವರು. ಗಾಜಿನ ಪೆಟ್ಟಿಗೆಯೊಳಗೆ ತಿಳಿಯಾದ ದ್ರವ ಹರಿಯುತ್ತಿದೆ, ಕೆಲಸಗಾರನ ಕಣ್ಣು ಅದರ ಮೇಲೇ ಇದೆ. ಮೊದಲು ಬಂದದ್ದು ಬೇಡ, ಕೊನೆಯದೂ ಬೇಡ, ನಡುವಿನದು ಮಾತ್ರ ಪೀಪಾಯಿಗೆ. ಹಣ್ಣಿನ ಪರಿಮಳ ಮುಂಚೆ ಬರುತ್ತದೆ, ಹೊಗೆಯ ಭಾರದ ಅಂಶ ಹಿಂದಿನಿಂದ. ಇಲ್ಲಿ ಬೇಗ ತಡೆದು ಹಣ್ಣನ್ನು ಉಳಿಸಿಕೊಳ್ಳುತ್ತಾರೆ.

ಗೋದಾಮಿಗೆ ಹೋಗೋಣ, ನನಗೆ ಮುಖ್ಯವೆನಿಸುವುದು ಅಲ್ಲಿದೆ. ಕತ್ತಲು, ಥಂಡಿ, ಒದ್ದೆ ಮರ. ಅಮೆರಿಕದ ಬರ್ಬನ್ ಪೀಪಾಯಿಗಳ ನಡುವೆ ಹೊಟ್ಟೆ ಉಬ್ಬಿಸಿ ನಿಂತಿವೆ ಶೆರ್ರಿ ಪೀಪಾಯಿಗಳು. ದೊಡ್ಡದರಲ್ಲಿ 500 ಲೀಟರ್ ಹಿಡಿಸುತ್ತದೆ. ಒಂದಕ್ಕೆ ಮೂಗು ತಾಗಿಸಿ: ಒಣದ್ರಾಕ್ಷಿ, ಅಕ್ರೋಟು, ಹಳೆಯ ಬೀರುವಿನ ವಾಸನೆ. ದಕ್ಷಿಣ ಸ್ಪೇನಿನಲ್ಲಿ ಒಲೊರೊಸೊ ಶೆರ್ರಿ ಎಂಬ ಗಟ್ಟಿ ವೈನ್ ಕುಡಿದು ಮಾಗಿದ ಮರವಿದು. ಹಿಂದೆ ಶೆರ್ರಿ ಪೀಪಾಯಿಯಲ್ಲೇ ಬ್ರಿಟನ್ನಿಗೆ ಬರುತ್ತಿತ್ತು, ಖಾಲಿಯಾದದ್ದನ್ನು ವಿಸ್ಕಿಯವರು ಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಸ್ಪೇನ್ ತನ್ನಲ್ಲೇ ಸೀಸೆಗೆ ತುಂಬಬೇಕೆಂದ ಮೇಲೆ ಆ ದಾರಿ ಮುಚ್ಚಿತು. ಈಗ ಸಾಮಾನ್ಯವಾಗಿ ವಿಸ್ಕಿಗೆಂದೇ ಹೊಸ ಪೀಪಾಯಿ ಕಟ್ಟಿಸಿ, ವರ್ಷ ಎರಡು ವರ್ಷ ಶೆರ್ರಿ ತುಂಬಿಡುತ್ತಾರೆ. ಮರವನ್ನು ಪಳಗಿಸುವುದೇ ಆ ಶೆರ್ರಿಯ ಕೆಲಸ.

ಹೊಗೆ ಮತ್ತು ಶೆರ್ರಿ ಚಂದದ ಜೋಡಿ ಎಂದು ಜಾಹೀರಾತುಗಳು ಹಾಡುತ್ತವೆ. ಈ ಗೋದಾಮಿನಲ್ಲಿ ನಿಂತರೆ ಅವು ಒಂದನ್ನೊಂದು ತಿನ್ನುತ್ತಿರುವುದು ಗೊತ್ತಾಗುತ್ತದೆ. ಪೀಪಾಯಿಯಲ್ಲಿ ಕಳೆದ ಪ್ರತಿ ವರ್ಷವೂ ಹೊಗೆ ಸ್ವಲ್ಪ ಇಳಿಯುತ್ತದೆ; ಮರದ ಸಿಹಿ, ಒಗರು, ಬಣ್ಣ ಏರುತ್ತವೆ. ಬೇಗ ತೆಗೆದರೆ ಬರೀ ಬೂದಿ, ಕಾದು ಕೂತರೆ ಬರೀ ಒಣಹಣ್ಣಿನ ಕಷಾಯ. ಇಳಿಯುವುದೂ ಏರುವುದೂ ಸಮಕ್ಕೆ ಬರುವ ಹೊತ್ತು ಪ್ರತಿ ಪೀಪಾಯಿಗೂ ಬೇರೆ. ಆ ಹೊತ್ತಿಗೆ ಬಂದವುಗಳನ್ನು ಹೆಕ್ಕಿ ಕೂಡಿಸಿ, 2013ರಿಂದ ವರ್ಷಕ್ಕೊಮ್ಮೆ ‘ಲಾಖ್ ಗೋರ್ಮ್’ ಹೆಸರಿನಲ್ಲಿ ಸೀಸೆಗೆ ತುಂಬುತ್ತಾರೆ, 46 ಪ್ರತಿಶತ ಮದ್ಯಸಾರಕ್ಕೆ. ಪ್ರತಿ ವರ್ಷ ತಪ್ಪದೆ ಬರುವುದನ್ನು ‘ಸೀಮಿತ ಆವೃತ್ತಿ’ ಎನ್ನುವುದು ವ್ಯಾಪಾರದ ಜಾಣತನವೂ ಹೌದು. ಆದರೂ ಹೋದ ವರ್ಷದ್ದು ಈ ವರ್ಷ ಮತ್ತೆ ಸಿಗದು ಎಂಬ ಮಾತಿನಲ್ಲಿ ಸುಳ್ಳಿಲ್ಲ.

ಈ ಥಂಡಿಯಲ್ಲಿ ವರ್ಷಕ್ಕೆ ಆವಿಯಾಗುವುದು ಶೇಕಡಾ ಎರಡರಷ್ಟು. ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲಿ ವಿಸ್ಕಿ ತಯಾರಿಸುವ ಅಮೃತ್‌ನವರ ಗೋದಾಮಿನ ದೇವತೆಗಳು ಶೇಕಡಾ ಹತ್ತು ಹನ್ನೆರಡು ಪಾಲು ಕೇಳುತ್ತಾರೆ. ಲೆಕ್ಕ ಹಾಕಿ: 500 ಲೀಟರಿನ ಪೀಪಾಯಿ ಹತ್ತು ವರ್ಷಕ್ಕೆ ಇಲ್ಲಿ 400 ದಾಟಿ ಉಳಿಸಿಕೊಂಡರೆ, ಅಲ್ಲಿ 150ರ ಆಸುಪಾಸಿಗೆ ಬಂದಿರುತ್ತದೆ. ಮರವೂ ಅದೇ ವೇಗದಲ್ಲಿ ನುಗ್ಗುತ್ತದೆ. ಸ್ಕಾಟ್ಲೆಂಡಿನ ಹೊಗೆ ಬಾರ್ಲಿಯನ್ನೂ ಸ್ಪೇನಿನ ಶೆರ್ರಿ ಪೀಪಾಯಿಯನ್ನೂ ಅಮೃತ್ ಬಳಸಿದೆ. ಅಲ್ಲಿನವರಿಗೆ ಆ ಸಮದ ಹೊತ್ತನ್ನು ಹಿಡಿಯಲು ಸಿಗುವ ಸಂದು ಇನ್ನೂ ಕಿರಿದು. ತಮ್ಮ ಎಂಟು ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜೆಲ್ಸ್’ (ಆಸೆಬುರುಕ ದೇವತೆಗಳು) ಎಂದು ಹೆಸರಿಟ್ಟವರ ಹೊಟ್ಟೆಯುರಿ ಅರ್ಥವಾಗುವಂಥದ್ದು.

ಮಳೆ ಶುರುವಾಗಿದೆ, ಒಳಗೆ ಬನ್ನಿ. ಟುಲಿಪ್ ಆಕಾರದ ಲೋಟದಲ್ಲಿ ಲಾಖ್ ಗೋರ್ಮ್‌ನ ಒಂದು ಗುಟುಕು. ಬಣ್ಣ ಕಾಫಿ ಡಿಕಾಕ್ಷನ್‌ಗಿಂತ ತುಸು ತಿಳಿ, ಕೆಂಪು ಮಿಂಚು; ಬಣ್ಣ ಬೆರೆಸಿಲ್ಲ. ಮೂಗಿಗೆ ಮೊದಲು ಹೊಗೆ ಬಂತೇ? ತಡೆಯಿರಿ. ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ. ಅಂಜೂರ, ಕಿತ್ತಳೆ ಸಿಪ್ಪೆ, ಲವಂಗ, ಆಮೇಲೆ ಚಾಕೊಲೇಟಿನ ಕಹಿ. ಈಗ ಬಾಯಿಗೆ. ಸಿಹಿ ನಾಲಿಗೆಯ ತುದಿಯಲ್ಲಿ ಹತ್ತಿ ಇಳಿದು ಹೋಗುತ್ತದೆ. ಹೊಗೆ ಗಂಟಲಿನ ಹಿಂದೆ ಕೂತುಬಿಡುತ್ತದೆ. ನಾಲ್ಕು ಹನಿ ನೀರು ಹಾಕಿದರೆ ಹಣ್ಣು ಹಿಂದೆ ಸರಿದು ಉಪ್ಪು ಮುಂದೆ ಬರುತ್ತದೆ. ನೀರು ಹಾಕುವುದು ಪಾಪವೆನ್ನುವ ಶುದ್ಧಾಚಾರದವರ ಮಾತು ಕೇಳಬೇಡಿ. ಭಟ್ಟಿಯವರೇ ಪಕ್ಕದಲ್ಲಿ ಹೂಜಿ ಇಟ್ಟಿದ್ದಾರೆ.

ಮೇಜಿನ ಆ ತುದಿಯಲ್ಲಿ ನಿಮ್ಮ ಗೆಳತಿ ಮುಟ್ಟದೆ ಕೂತಿದ್ದಾಳೆ, ಕಾರು ಓಡಿಸುವ ಸರದಿ ಅವಳದು. ಸ್ಕಾಟ್ಲೆಂಡ್ 2014ರ ಡಿಸೆಂಬರಿನಲ್ಲಿ ಚಾಲಕರ ಮದ್ಯದ ಮಿತಿಯನ್ನು ಇಂಗ್ಲೆಂಡಿಗಿಂತ ಕೆಳಕ್ಕೆ ಇಳಿಸಿದೆ. ಲೋಟಕ್ಕೆ ವಿಸ್ಕಿ ಸುರಿಯುವವನಿಗೆ ಇದು ದಿನದ ಮಾತು. ಅವಳ ಪಾಲನ್ನು ಬೆರಳುದ್ದದ ಸೀಸೆಗೆ ಹಾಕಿ, ಬಿರಡೆ ಒತ್ತಿ, ಚೀಟಿ ಅಂಟಿಸಿ ಕೈಗೆ ಕೊಡುತ್ತಾನೆ. ರಸ್ತೆಗೆ ಹೆಬ್ಬಾತುಗಳು ಇಳಿದಿರುತ್ತವೆ, ನಿಧಾನ ಹೋಗಿ ಎಂದೂ ಸೇರಿಸುತ್ತಾನೆ.